ಮತ್ತೆ ಮಾಡಲಾಗದ್ದು ಯಾವುದು?

ಕಡಲಲ್ಲಿ ದುಡಿದು ಹಳೆಯದಾದ ಫೈಬರ್ ದೋಣಿಯನ್ನು ಹೊಸದು ಮಾಡುವ ಕೆಲಸಕ್ಕೆ ಒಂದು ಕ್ರಮವಿದೆ. ಗಾಜಿನ ನಾರಿನ ಹಾಸನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಬಿಡಿಸಿಕೊಂಡ ಒಡಲು ಅದು. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಮರದ ಹಾಗೆ ಅದು ಕೊಳೆಯುವುದೂ ಇಲ್ಲ. ಕೊಳೆಯುವುದು ಒಳಗಿನದು: ಒಡಲಿಗೆ ಬಿಗಿ ಕೊಡಲು ಉದ್ದಕ್ಕೆ ಕೂರಿಸಿದ ಮರದ ಪಟ್ಟಿಗಳು, ತಳಹಾಸಿನ ಪ್ಲೈವುಡ್, ಇಂಜಿನ್ನಿನ ಭಾರ ಹೊರುವ ಹಿಂಬದಿಯ ಹಲಗೆ. ತಿರುಪು ಹಾಕಿದ ಸಣ್ಣ ತೂತಿನಿಂದ ನೀರು ಇಳಿದು, ಮೇಲಿನ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ಮರ ಪುಡಿಯಾಗಿರುತ್ತದೆ. ಹಾಗಾಗಿ ಬಲ್ಲವರು ಬಣ್ಣ ನೋಡಿ ತೀರ್ಮಾನಿಸುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ, ಸದ್ದು ಮಂಕಾದ ಕಡೆ ಕತ್ತರಿಸಿ ತೆಗೆಯುತ್ತಾರೆ. ತೆಗೆಯುವ ಮುನ್ನ ಒಡಲಿಗೆ ಹೊರಗಿನಿಂದ ಆಸರೆ ಕೊಡುತ್ತಾರೆ, ಏಕೆಂದರೆ ಒಳಬಿಗಿ ಕಳೆದುಕೊಂಡ ಒಡಲು ಬಾಗುತ್ತದೆ, ಬಾಗಿದ ಮೇಲೆ ಹೊಸ ಪಟ್ಟಿ ಕೂರಿಸಿದರೆ ಆ ಸೊಟ್ಟೇ ಶಾಶ್ವತವಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಹಳೆಯ ರೆಸಿನ್ ಪೂರ್ತಿ ಗಟ್ಟಿಯಾದ ಮೇಲೆ ಹೊಸ ರೆಸಿನ್ ಅದರೊಡನೆ ಮೊದಲಿನಂತೆ ಬೆರೆತು ಒಂದಾಗುವುದಿಲ್ಲ. ಹಳೆಯ ಮೈಯನ್ನು ಉಜ್ಜಿ ಒರಟು ಮಾಡಿದರೆ ಮಾತ್ರ ಅದನ್ನು ಕಚ್ಚಿ ಹಿಡಿಯುತ್ತದೆ. ಕೆಲಸ ಮುಗಿದಾಗ ಒಡಲೊಂದನ್ನು ಬಿಟ್ಟು ಉಳಿದದ್ದೆಲ್ಲ ಹೊಸದು. ಆದರೂ ಅದನ್ನು ಹಳೆಯ ಹೆಸರಿನಿಂದಲೇ ಕರೆದು ನೀರಿಗಿಳಿಸುತ್ತಾರೆ. ಈ ಕರೆಯುವಿಕೆ ಸರಿಯೇ? ಸರಿಯೆಂದಾದರೆ ಯಾವ ಆಧಾರದ ಮೇಲೆ?

ಸಮುದ್ರ ಕಾಣದ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ಪ್ರಶ್ನೆ ಹೊಳೆದಂಡೆಯ ಗುಡಿಗಳಲ್ಲಿ, ಕೋಟೆಗಳಲ್ಲಿ, ಬಸದಿಗಳಲ್ಲಿ ಎದುರಾಗುತ್ತದೆ. ಕಾಗಿಣಾ ಮತ್ತು ಭೀಮಾ ನದಿಗಳ ಈ ನೆಲದಡಿ ಹಾಸುಹಾಸಾಗಿ ಸುಣ್ಣಕಲ್ಲು ಮಲಗಿದೆ. ಚಿಂಚೋಳಿಯ ಕಡೆ ಕೆಂಪು ಜಂಬಿಟ್ಟಿಗೆಯೂ ಸಿಗುತ್ತದೆ. ಶಹಾಬಾದ್ ಫರ್ಸಿಯೆಂದು ನಾಡಿನ ಮನೆಮನೆಯ ನೆಲಕ್ಕೆ ಹೋದದ್ದು ಈ ಸುಣ್ಣಕಲ್ಲು. ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಸ್ತೂಪಕ್ಕೆ ಫಲಕವಾದದ್ದೂ ಈ ಕಲ್ಲೇ, ಇಂದು ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳಲ್ಲಿ ಸಿಮೆಂಟಾಗುತ್ತಿರುವುದೂ ಈ ಕಲ್ಲೇ. ಇಲ್ಲಿ ಊರೂರಲ್ಲೂ ಜೀರ್ಣೋದ್ಧಾರ ನಡೆಯುತ್ತಿರುತ್ತದೆ. ಭಕ್ತರು ಕಷ್ಟಪಟ್ಟು ದುಡಿದ ಹಣ ಕೂಡಿಸುತ್ತಾರೆ, ಸಮಿತಿ ರಚನೆಯಾಗುತ್ತದೆ, ಹಳೆಯ ಮಂಟಪದ ನೆಲಕ್ಕೆ ಟೈಲ್ಸ್, ಕಂಬಕ್ಕೆ ಆಯಿಲ್ ಪೇಂಟ್, ಸೂರಿಗೆ ಕಾಂಕ್ರೀಟ್ ಬರುತ್ತದೆ. ಇದನ್ನು ಅಜ್ಞಾನವೆಂದು ಹೀಗಳೆದು ಮುಗಿಸುವುದು ಅನ್ಯಾಯ, ಏಕೆಂದರೆ ಅದರ ಹಿಂದೆ ಇರುವುದು ದೇವರ ಮನೆ ಚೆನ್ನಾಗಿರಬೇಕೆಂಬ ನಿಜವಾದ ಪ್ರೀತಿ. ಆದರೆ ಪ್ರೀತಿಗೂ ವಿವೇಕ ಬೇಕು. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವಾಗ ನಾವು ಉಳಿಸಬೇಕಾದದ್ದು ಏನನ್ನು ಎಂಬ ಪ್ರಶ್ನೆ ಎಂಜಿನಿಯರನದಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಹೌದು.

ವಸ್ತುವೊಂದು ಬದಲಾಗುತ್ತಲೇ ಅದೇ ಆಗಿ ಉಳಿಯುತ್ತದೆಯೇ ಎಂಬ ಚರ್ಚೆ ಈ ಸೀಮೆಗೆ ಹೊಸದಲ್ಲ. ಭಾರತೀಯ ದರ್ಶನಗಳು ಇದಕ್ಕೆ ಕೊಟ್ಟ ಮೂರು ಮುಖ್ಯ ಉತ್ತರಗಳೂ ಇಲ್ಲಿ ಬಾಳಿವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ–ಕನಗನಹಳ್ಳಿಯಲ್ಲಿ ನೆಲೆಸಿದ್ದ ಬೌದ್ಧರ ಪರಂಪರೆ, ಸ್ಥಿರವಾದ ವಸ್ತುವೆಂಬುದೇ ಇಲ್ಲ ಎಂದಿತು. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ರಥದ ಮೂಲಕ ಇದನ್ನೇ ತೋರಿಸಿದ: ಚಕ್ರ ರಥವಲ್ಲ, ಅಚ್ಚು ರಥವಲ್ಲ, ನೊಗ ರಥವಲ್ಲ; ಇವೆಲ್ಲ ಕೂಡಿದಾಗ ನಾವು ಇಟ್ಟುಕೊಂಡ ಹೆಸರು ರಥ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣೆಯ ದಂಡೆಯ ಉತ್ತರಾದಿ ಮಠಕ್ಕೆ ನ್ಯಾಯಸುಧೆಯ ಕರ್ತೃ ಜಯತೀರ್ಥರನ್ನು ನೆನೆದು ಭಕ್ತರು ಬರುತ್ತಾರೆ. ಆ ವೇದಾಂತ ಪರಂಪರೆ ಬೌದ್ಧರ ಕ್ಷಣಿಕವಾದವನ್ನು ಒಪ್ಪಲಿಲ್ಲ. ನಿನ್ನೆ ಕಂಡದ್ದನ್ನು ಇಂದು ಕಂಡು ‘ಇದು ಅದೇ’ ಎಂದು ಗುರುತಿಸುತ್ತೇವಲ್ಲ, ಆ ಪ್ರತ್ಯಭಿಜ್ಞೆ ಬರಿಯ ಭ್ರಮೆಯಲ್ಲ, ಅದು ಪ್ರಮಾಣ ಎಂದು ವೇದಾಂತಿಗಳು ವಾದಿಸಿದರು. ಅದೇ ಮಳಖೇಡ ಮಾನ್ಯಖೇಟವಾಗಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಅಮೋಘವರ್ಷನ ಗುರು ಜಿನಸೇನರ ಜೈನ ಪರಂಪರೆ ಮೂರನೆಯ ಉತ್ತರವನ್ನು ಹಿಡಿದಿತ್ತು: ಇರುವುದೆಲ್ಲ ಏಕಕಾಲಕ್ಕೆ ಹುಟ್ಟುತ್ತದೆ, ಅಳಿಯುತ್ತದೆ, ನೆಲೆಯಾಗಿಯೂ ಇರುತ್ತದೆ, ಪರ್ಯಾಯಗಳು, ಎಂದರೆ ವಸ್ತು ತಾಳುವ ಸ್ಥಿತಿಗಳು, ಬದಲಾಗುತ್ತವೆ, ಮೂಲವಸ್ತುವಾದ ದ್ರವ್ಯ ಉಳಿಯುತ್ತದೆ. ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ದೂರದೊಳಗೆ ಈ ಮೂರೂ ನಿಲುವುಗಳ ನೆಲೆಗಳಿವೆ.

ಈ ಉತ್ತರಗಳಲ್ಲಿ ಯಾವುದನ್ನು ಒಪ್ಪಿದರೂ ಒಂದು ಕೊರತೆ ಉಳಿಯುತ್ತದೆ: ಉಳಿ ಹಿಡಿದು ನಿಂತ ಕಲ್ಲುಕುಟಿಗನಿಗೆ ಇವು ಕೈಗೆ ಬರುವ ಮಾತನ್ನು ಹೇಳುವುದಿಲ್ಲ. ಎಲ್ಲವೂ ಕ್ಷಣಿಕವಾದರೆ ಯಾವ ಕಲ್ಲನ್ನಾದರೂ ಕಿತ್ತೊಗೆಯಬಹುದೇ? ಗುರುತಿಸಲು ಬಂದರೆ ಸಾಕಾದರೆ, ಅಚ್ಚೊತ್ತಿದಂತೆ ನಕಲು ಮಾಡಿದ ಗುಡಿಯೂ ಅದೇ ಗುಡಿಯೇ? ಗ್ರೀಕರಲ್ಲಿ ಪ್ಲೂಟಾರ್ಕ್ ದಾಖಲಿಸಿದ ಥೀಸಿಯಸನ ಹಡಗಿನ ಒಗಟೂ ಇಂಥದ್ದೇ. ಅಥೆನ್ಸಿನವರು ಹಳೆಯ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹಡಗನ್ನು ಉಳಿಸಿಕೊಂಡರು. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೇ ಎಂದು ತತ್ತ್ವಜ್ಞರು ಜಗಳಾಡಿದರು. 1655ರಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ತೊಡಕು ಸೇರಿಸಿದ: ತೆಗೆದ ಹಲಗೆಗಳನ್ನು ಒಬ್ಬ ಕೂಡಿಟ್ಟು ಅದೇ ಕ್ರಮದಲ್ಲಿ ಇನ್ನೊಂದು ಹಡಗು ಕಟ್ಟಿದರೆ, ಎರಡರಲ್ಲಿ ನಿಜವಾದದ್ದು ಯಾವುದು? ಒಗಟು ಬಿಡಿಸಲಾಗದ್ದಾಗಿ ಕಾಣುವುದು, ಎಲ್ಲ ವಸ್ತುವಿನಲ್ಲೂ ‘ಅದೇತನ’ ಒಂದೇ ಬಗೆಯದು ಎಂದು ನಾವು ಮೊದಲೇ ಊಹಿಸಿಕೊಳ್ಳುವುದರಿಂದ. ವಾಡಿ ಜಂಕ್ಷನ್ನನ್ನೇ ನೋಡಿ. ನಿಜಾಮರ ರೈಲುದಾರಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದದ್ದು 1874ರಲ್ಲಿ. ಅಂದಿನ ಮರದ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟ್ ಬಂತು, ಕಂಬಿಗಳು ಬದಲಾದವು, ಉಗಿಬಂಡಿ ಹೋಗಿ ಡೀಸೆಲ್, ಡೀಸೆಲ್ ಹಿಂದೆ ವಿದ್ಯುತ್ ಇಂಜಿನ್ ಬಂತು. ವಾಡಿ ಜಂಕ್ಷನ್ ಇನ್ನೂ ವಾಡಿ ಜಂಕ್ಷನ್ನೇ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಅದರ ಅಸ್ತಿತ್ವ ಇರುವುದು ಅದು ಮಾಡುವ ಕೆಲಸದಲ್ಲಿ: ಎರಡು ದಾರಿಗಳನ್ನು ಕೂಡಿಸುವುದರಲ್ಲಿ. ಆದರೆ ಎಲ್ಲವೂ ವಾಡಿ ಜಂಕ್ಷನ್ನಿನಂಥವಲ್ಲ. ಇದಕ್ಕೆ ಸಾಕ್ಷಿ ಅಲ್ಲಿಂದ ದೂರವಿಲ್ಲದ ಸನ್ನತಿಯಲ್ಲಿದೆ.

ಭೀಮಾತೀರದ ಸನ್ನತಿಯಲ್ಲಿ ಚಂದ್ರಲಾಂಬಾ ಪರಮೇಶ್ವರಿಯ ದೇವಸ್ಥಾನವಿದೆ. ದೂರದೂರದ ಕುಲಗಳಿಗೆ ಆಕೆ ಮನೆದೇವರು. ಆ ಆವರಣದಲ್ಲಿದ್ದ ಕಾಳಿಯ ಗುಡಿಯ ಸೂರು 1986ರಲ್ಲಿ ಕುಸಿದು ವಿಗ್ರಹ ಒಡೆಯಿತು. ಅವಶೇಷ ತೆರವು ಮಾಡುವಾಗ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಲಿಪಿಯ, ಪ್ರಾಕೃತ ಭಾಷೆಯ ಬರಹ ಕಂಡಿತು. ಅದು ಅಶೋಕನ ಶಾಸನ. ಎರಡೂ ಮೈಗೆ ಬರೆದಿದ್ದ ಆ ಕಲ್ಲಿನಲ್ಲಿ ಅವನ 12 ಮತ್ತು 14ನೆಯ ಬಂಡೆಶಾಸನಗಳ ಭಾಗಗಳೂ ಎರಡು ಪ್ರತ್ಯೇಕ ಶಾಸನಗಳೂ ಇದ್ದವು; ಆ ಪ್ರತ್ಯೇಕ ಶಾಸನಗಳು ಅದುವರೆಗೆ ಗೊತ್ತಿದ್ದದ್ದು ಕಳಿಂಗದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ವಿಗ್ರಹ ಕೂರಿಸಲೆಂದು ಕಲ್ಲಿನ ನಡುವೆ ತೂತು ಕೊರೆದಿದ್ದರು, ಅಲ್ಲಿದ್ದ ಅಕ್ಷರಗಳು ಎಂದಿಗೂ ಬಾರದಂತೆ ಹೋಗಿವೆ. ಹಾಗೆ ಕೊರೆದವರನ್ನು ದೂರುವಂತಿಲ್ಲ. ಆ ಲಿಪಿ ಓದುವವರು ಅವರ ಕಾಲಕ್ಕೆ ಉಳಿದಿರಲಿಲ್ಲ, ಅವರ ಕಣ್ಣಿಗೆ ಅದು ಗಟ್ಟಿಯಾದ ಒಳ್ಳೆಯ ಚಪ್ಪಡಿ. ದೇವಿಯ ಪಾದದಡಿ ಇಟ್ಟಿದ್ದರಿಂದ ಉಳಿದ ಅಕ್ಷರಗಳು ಮಳೆ ಗಾಳಿಗೆ ಸಿಗದೆ ಉಳಿದವು ಎಂಬುದನ್ನೂ ಕೃತಜ್ಞತೆಯಿಂದ ನೆನೆಯಬೇಕು. 12ನೆಯ ಶಾಸನದ ತಿರುಳಂತೂ, ತನ್ನ ಪಂಥವನ್ನು ಹೊಗಳಿಕೊಳ್ಳುವ ಭರದಲ್ಲಿ ಇತರರ ಪಂಥವನ್ನು ತೆಗಳಬಾರದು, ಎಲ್ಲ ಪಂಥಗಳ ಸಾರ ಬೆಳೆಯಬೇಕು ಎಂಬುದು.

ಈಗ ಯೋಚಿಸಿ. 1986ರಲ್ಲಿ ಸೂರು ಕುಸಿದ ಮೇಲೆ, ಇಂದು ಎಷ್ಟೋ ಕಡೆ ಆಗುವಂತೆ, ಇದ್ದ ಪೀಠವನ್ನು ಹಾಗೇ ನೆಲಕ್ಕೆ ಸೇರಿಸಿ ಮೇಲೆ ಕಾಂಕ್ರೀಟ್ ಸುರಿದು ಗ್ರಾನೈಟ್ ಹಾಸಿದ್ದರೆ ಗುಡಿ ಇನ್ನಷ್ಟು ಭದ್ರವಾಗುತ್ತಿತ್ತು, ಪೂಜೆ ಬೇಗ ಶುರುವಾಗುತ್ತಿತ್ತು, ಯಾರೂ ಅದನ್ನು ನಷ್ಟವೆಂದು ತಿಳಿಯುತ್ತಿರಲಿಲ್ಲ. ಒಡೆದ ವಿಗ್ರಹದ ಜಾಗಕ್ಕೆ ಇನ್ನೊಂದು ವಿಗ್ರಹ ಕಡೆಯಬಹುದು, ಸೂರಿನ ಜಾಗಕ್ಕೆ ಸೂರು ಕಟ್ಟಬಹುದು. ಪೀಠದ ಜಾಗಕ್ಕೆ ಇನ್ನೊಂದು ಪೀಠವನ್ನೂ ಇಡಬಹುದು, ಆದರೆ ಆ ಶಾಸನವನ್ನು ಜಗತ್ತಿನ ಯಾವ ಶಿಲ್ಪಿಯೂ ಮತ್ತೆ ಕೆತ್ತಲಾರ. ಕೆತ್ತಿದರೂ ಅದು ಅಶೋಕನ ಕಾಲದ ಸಾಕ್ಷಿಯಾಗಲಾರದು. ಇಲ್ಲಿಂದ ಒಂದು ನಿಯಮ ಹೊರಡುತ್ತದೆ, ಈ ಲೇಖನದ ವಾದವೂ ಅದೇ: ಜೀರ್ಣೋದ್ಧಾರದಲ್ಲಿ ಒಡಲು ಎಂದರೆ ಎಲ್ಲಕ್ಕಿಂತ ದೊಡ್ಡ ಭಾಗವಲ್ಲ, ಹೊರಗೆ ಕಾಣುವ ಭಾಗವಲ್ಲ, ಪೂಜೆಗೊಳ್ಳುವ ಭಾಗವೂ ಆಗಬೇಕಿಲ್ಲ. ಕಳೆದುಹೋದರೆ ಯಾವುದನ್ನು ಮತ್ತೆ ಮಾಡಲಾಗದೋ ಅದೇ ಒಡಲು. ಉಳಿದದ್ದೆಲ್ಲ ಒಳಬಿಗಿ, ಅದನ್ನು ಬದಲಿಸಬಹುದು, ಬದಲಿಸಲೂಬೇಕು. ಫೈಬರ್ ದೋಣಿಯಲ್ಲಿ ಒಡಲು ಯಾವುದೆಂದು ಕಣ್ಣಿಗೇ ಕಾಣುತ್ತದೆ. ಗುಡಿಯಲ್ಲಿ, ಕೋಟೆಯಲ್ಲಿ, ಧರ್ಮದಲ್ಲಿ ಅದನ್ನು ಹುಡುಕಿ ತಿಳಿಯಬೇಕು. ಹುಡುಕದೆ ಸುತ್ತಿಗೆ ಎತ್ತುವುದು ತಪ್ಪು.

ಹುಡುಕಿದಾಗ ಉತ್ತರ ಒಂದೊಂದು ಕಡೆ ಒಂದೊಂದು ಬಗೆಯಾಗಿ ಸಿಗುತ್ತದೆ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ನಿಂತಿದೆ, ಸುತ್ತ ಹಳೆಯ ಕಟ್ಟಡಗಳ ಅವಶೇಷಗಳಿವೆ. 1058ರ ಶಾಸನವೊಂದು ಅಲ್ಲಿದ್ದ ಘಟಿಕಾಸ್ಥಾನವನ್ನು ವಿವರಿಸುತ್ತದೆ: ವೇದ ಓದುವ ಇನ್ನೂರು ಮಂದಿ, ಶಾಸ್ತ್ರ ಓದುವ ಐವತ್ತೆರಡು ಮಂದಿ, ಅವರಿಗೆ ಕಲಿಸುವ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಇಂದು ಕಂಬಗಳಿವೆ, ವಿದ್ಯಾರ್ಥಿಗಳಿಲ್ಲ. ಭಂಡಾರಿಗರು ಕಾಯ್ದ ಓಲೆಗಳೂ ಇಲ್ಲ. ಕಲ್ಲು ಉಳಿದರೆ ಎಲ್ಲವೂ ಉಳಿಯಿತು ಎನ್ನುವವರಿಗೆ ನಾಗಾವಿ ಉತ್ತರ ಕೊಡುತ್ತದೆ. ಕಂಬಗಳನ್ನಷ್ಟೇ ನೋಡಿದವನಿಗೆ ಅದು ಇನ್ನೊಂದು ಹಳೆಯ ಗುಡಿ. ಶಾಸನದ ಸಾಲುಗಳಿಂದಾಗಿ ಮಾತ್ರ ಅದು ವಿದ್ಯಾಪೀಠ. ಅಲ್ಲಿ ಮೊದಲು ರಕ್ಷಿಸಬೇಕಾದದ್ದು ಬರಹವನ್ನು. ಕಂಬಗಳಿಗೆ ಅರ್ಥ ಬಂದಿರುವುದು ಬರಹದಿಂದ. ಹಾಗೆಯೇ ಗುಡಿಯ ಕಟ್ಟೆಗೆ, ಬಾವಿಯ ಮೆಟ್ಟಿಲಿಗೆ, ಹೊಲದ ಬದುವಿಗೆ ಸೇರಿಹೋಗಿರುವ ಬರಹದ ಕಲ್ಲು ಯಾವುದೇ ಊರಿನಲ್ಲಿದ್ದರೂ, ನೋಡಲು ಎಷ್ಟೇ ಸಾಮಾನ್ಯವಾಗಿದ್ದರೂ, ಅದು ಆ ಊರಿನ ಒಡಲಿನ ತುಣುಕು.

ಕನಗನಹಳ್ಳಿಯಲ್ಲಿ ಪ್ರಶ್ನೆ ಇನ್ನಷ್ಟು ಬಿಕ್ಕಟ್ಟಿನದು. ಅಲ್ಲಿ 1994ರಿಂದ 2001ರವರೆಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿ ಮಹಾಸ್ತೂಪವೊಂದನ್ನು ಹೊರತೆಗೆಯಿತು. ಅಲ್ಲಿನ ಬರಹಗಳು ಅದನ್ನು ಅಧೋಲೋಕ ಮಹಾಚೈತ್ಯ ಎನ್ನುತ್ತವೆ. ಸ್ತೂಪ ಕುಸಿದು ಅದರ ಸುಣ್ಣಕಲ್ಲಿನ ಶಿಲ್ಪಫಲಕಗಳು ಸುತ್ತ ಬಿದ್ದಿದ್ದವು. ಅವುಗಳಲ್ಲೊಂದರಲ್ಲಿ ರಾಣಿಯೊಡನೆ ನಿಂತ ರಾಜನ ಚಿತ್ರವಿದೆ, ಮೇಲೆ ಅಶೋಕರಾಜನೆಂದು ಹೆಸರು ಕೊರೆದಿದೆ. ಬಿದ್ದ ಫಲಕಗಳನ್ನು ಅವಿದ್ದ ಜಾಗಕ್ಕೇ ಸೇರಿಸಿ ಸ್ತೂಪವನ್ನು ಎತ್ತಿ ನಿಲ್ಲಿಸುವುದು ಹಾಬ್ಸ್ ಕಲ್ಪಿಸಿಕೊಂಡ ಎರಡನೆಯ ಹಡಗಿನಂಥ ಕೆಲಸ: ಹಲಗೆಗಳು ಹಳೆಯವು, ಕೂಡಿಸುವ ಕೈ ಹೊಸದು. ಫಲಕಗಳನ್ನು ವಸ್ತುಸಂಗ್ರಹಾಲಯಕ್ಕೆ ಒಯ್ದು ಬಯಲಲ್ಲಿ ನಕಲು ನಿಲ್ಲಿಸಿದರೆ ಮೊದಲನೆಯ ಹಡಗಿನಂಥದ್ದು: ಜಾಗ ಹಳೆಯದು, ಹಲಗೆಗಳು ಹೊಸವು. ನನ್ನ ನಿಯಮದಂತೆ ಇಲ್ಲಿ ಮತ್ತೆ ಮಾಡಲಾಗದ್ದು ಎರಡು. ಒಂದು, ಶಿಲ್ಪಿಗಳ ಕೈಯ ಗುರುತುಳ್ಳ ಫಲಕಗಳು. ಎರಡು, ಯಾವ ಫಲಕ ಯಾವ ಫಲಕದ ಪಕ್ಕ ಎಲ್ಲಿ ಬಿದ್ದಿತ್ತು ಎಂಬ ಸಂಬಂಧ. ಈ ಎರಡನೆಯದು ಕಲ್ಲಿಗಿಂತ ಬೇಗ ಅಳಿಯುತ್ತದೆ. ಒಮ್ಮೆ ಕಲ್ಲುಗಳನ್ನು ಬರೆದಿಡದೆ ಕದಲಿಸಿದರೆ ಮುಗಿಯಿತು. ಆಸರೆ ಕೊಡದೆ ಒಳಬಿಗಿ ಕಿತ್ತ ದೋಣಿಯೊಡಲು ಆಕಾರ ಮರೆಯುವಂತೆ, ದಾಖಲೆಯಿಲ್ಲದೆ ಕದಲಿಸಿದ ಕಲ್ಲುಗಳು ತಮ್ಮ ಜಾಗ ಮರೆಯುತ್ತವೆ. ಅಳತೆ, ಚಿತ್ರ, ಸಂಖ್ಯೆ ಇವೇ ಅಲ್ಲಿ ಆಸರೆ. ಸಿಗದ ಭಾಗದ ಜಾಗದಲ್ಲಿ ಕೆತ್ತನೆಯಿಲ್ಲದ ಸಾದಾ ಕಲ್ಲು ನಿಂತರೆ ಅದು ದೋಷವಲ್ಲ, ಪ್ರಾಮಾಣಿಕತೆ.

ಹಳೆಯದಕ್ಕೂ ಹೊಸದಕ್ಕೂ ನಡುವಿನ ಬೆಸುಗೆಯನ್ನು ಮುಚ್ಚಿಡಬಾರದು ಎಂಬುದು ನಮ್ಮ ಹಿರಿಯರಿಗೂ ಗೊತ್ತಿದ್ದ ಮಾತು. ಅಮೋಘವರ್ಷನ ಕಾಲದಲ್ಲಿ ವೀರಸೇನರು ಆರಂಭಿಸಿ ಅರ್ಧಕ್ಕೆ ನಿಂತ ಜಯಧವಲಾ ಟೀಕೆಯನ್ನು ಅವರ ಶಿಷ್ಯ ಜಿನಸೇನರು 837ರಲ್ಲಿ ಪೂರ್ಣಗೊಳಿಸಿದರು. ಜಿನಸೇನರು ಪೂರೈಸದೆ ಬಿಟ್ಟ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಮುಗಿಸಿದರು. ಎಲ್ಲಿ ಗುರುವಿನ ಬರಹ ನಿಂತಿತು, ಎಲ್ಲಿಂದ ಶಿಷ್ಯನದು ತೊಡಗಿತು ಎಂಬುದನ್ನು ಪರಂಪರೆ ಮರೆಯಲಿಲ್ಲ, ಮರೆಸಲೂ ಇಲ್ಲ. ಆದರೂ ಗ್ರಂಥ ಒಂದೇ. ಬೆಸುಗೆ ಕಂಡರೆ ಒಂದುತನಕ್ಕೆ ಭಂಗವಿಲ್ಲ ಎಂಬುದಕ್ಕೆ ಮಾನ್ಯಖೇಟದ ಈ ಗುರುಶಿಷ್ಯ ಸಾಲಿಗಿಂತ ಒಳ್ಳೆಯ ಪುರಾವೆ ಬೇಡ. ವಸ್ತುವಿನ ಮಟ್ಟದಲ್ಲೂ ಇದೇ ನ್ಯಾಯ. ಹಳೆಯ ಗೋಡೆಗಳನ್ನು ಹಿಡಿದಿಟ್ಟದ್ದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಅರಳಿಸಿ, ಮರಳು ಬೆರೆಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಕೂಡಿಸಿ ಅರೆದು ಹಚ್ಚಿದ ಗಾರೆ, ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ವರ್ಷಗಟ್ಟಲೆಯಲ್ಲಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅದು ತೇವವನ್ನು ಹೊರಬಿಡುತ್ತದೆ, ಕಲ್ಲಿಗಿಂತ ಮೆದುವಾಗಿದ್ದು ಒತ್ತಡ ಬಂದಾಗ ತಾನೇ ಮೊದಲು ಬಿರಿಯುತ್ತದೆ. ಸಿಮೆಂಟ್ ಸುಮಾರು 1450 ಡಿಗ್ರಿಯಲ್ಲಿ ಹುಟ್ಟಿದ ಬೇರೆಯೇ ವಸ್ತು. ಹೊಸ ಕಟ್ಟಡಕ್ಕೆ ಅದು ಗಟ್ಟಿ ಆಧಾರ, ಈ ಸೀಮೆಯ ಸಾವಿರಾರು ಮನೆಗಳ ಅನ್ನವೂ ಹೌದು. ಆದರೆ ಹಳೆಯ ಕಲ್ಲಿನ ಸಂದಿಗೆ ಹಾಕಿದಾಗ ಅದು ತೇವಕ್ಕೆ ದಾರಿ ಮುಚ್ಚುತ್ತದೆ. ತೇವ ಕಲ್ಲಿನ ಮೈಯಿಂದಲೇ ಹೊರಬರಬೇಕಾಗಿ, ಜೊತೆಗೆ ತಂದ ಉಪ್ಪು ಅಲ್ಲೇ ಹರಳುಗಟ್ಟಿ, ಕೆತ್ತನೆಯ ಮೇಲ್ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಬದಲಿಸಬಹುದಾದ ಗಾರೆಯನ್ನು ಉಳಿಸಲು ಬದಲಿಸಲಾಗದ ಕಲ್ಲನ್ನು ತೆತ್ತಂತಾಗುತ್ತದೆ.

ಇದಕ್ಕೆ ಭಕ್ತರ ಕಡೆಯಿಂದ ಗಟ್ಟಿಯಾದ ಆಕ್ಷೇಪವಿದೆ. ಗುಡಿ ವಸ್ತುಸಂಗ್ರಹಾಲಯವಲ್ಲ, ದೇವರು ಇರುವ ಮನೆ. ಬಿರುಕು ಬಿಟ್ಟ ವಿಗ್ರಹಕ್ಕೆ ಪೂಜೆ ಸಲ್ಲದು, ಸೋರುವ ಗರ್ಭಗುಡಿ ಊರಿಗೆ ಶ್ರೇಯಸ್ಸಲ್ಲ. ಮಯಮತದಂಥ ಶಿಲ್ಪಗ್ರಂಥಗಳಲ್ಲೂ ದುರಸ್ತಿಗೆಂದೇ ಪ್ರತ್ಯೇಕ ಅಧ್ಯಾಯವಿರುವಾಗ ಹೊಸದು ಮಾಡುವುದು ಶಾಸ್ತ್ರವಿರುದ್ಧ ಹೇಗಾದೀತು? ಈ ಆಕ್ಷೇಪದ ಬಹುಪಾಲನ್ನು ಒಪ್ಪಲೇಬೇಕು. ದಿನದ ಪೂಜೆ, ಜಾತ್ರೆ, ತೇರು, ದಾಸೋಹ ಇರುವ ಗುಡಿ ವಾಡಿ ಜಂಕ್ಷನ್ನಿನಂತೆ ತಾನು ಮಾಡುವ ಸೇವೆಯಲ್ಲಿ ಬದುಕಿದೆ. ಅದಕ್ಕೆ ಹೊಸ ಸೂರು, ಹೊಸ ಬಾಗಿಲು, ನೀರಿನ ವ್ಯವಸ್ಥೆ ಬೇಕು. ಆದರೆ ಆಗಮದ ಕ್ರಮವನ್ನೇ ಇನ್ನಷ್ಟು ಹತ್ತಿರದಿಂದ ನೋಡೋಣ. ದುರಸ್ತಿ ಶುರುವಾಗುವ ಮುನ್ನ ಕಲಾಕರ್ಷಣ ಮಾಡಿ ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸುತ್ತಾರೆ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿಟ್ಟು ಪೂಜಿಸುತ್ತಾರೆ, ಕೆಲಸ ಮುಗಿದ ಮೇಲೆ ಮೂಲಸ್ಥಾನಕ್ಕೆ ಮರಳಿಸುತ್ತಾರೆ. ಅಂದರೆ ಸಾನ್ನಿಧ್ಯ ಕಲ್ಲಿನಿಂದ ನೀರಿಗೆ, ನೀರಿನಿಂದ ಕಲ್ಲಿಗೆ ಸಾಗಬಲ್ಲದು ಎಂಬುದು ಶಾಸ್ತ್ರದ ನಂಬಿಕೆ. ಸಾಗಬಲ್ಲದ್ದರ ಬಗ್ಗೆ ಶಾಸ್ತ್ರ ಇಷ್ಟು ಎಚ್ಚರ ವಹಿಸಿರುವಾಗ, ಸಾಗಲಾರದ್ದರ ಬಗ್ಗೆ ನಮಗೆ ಇನ್ನೆಷ್ಟು ಎಚ್ಚರವಿರಬೇಕು! ಶಾಸನವನ್ನು ಕಲಶಕ್ಕೆ ಆವಾಹಿಸಲಾಗದು. ಶಿಲ್ಪಿಯ ಉಳಿಯ ಗುರುತನ್ನು ಬಾಲಾಲಯದಲ್ಲಿ ಕಾಪಾಡಿ ಮರಳಿಸಲಾಗದು. ಆದ್ದರಿಂದ ದೇವರ ಹೆಸರಿನಲ್ಲಿ ಶಾಸನಕ್ಕೆ ಬಣ್ಣ ಬಳಿದರೆ ದೇವರಿಗೆ ಏನೂ ಸಲ್ಲುವುದಿಲ್ಲ. ಆ ದೇವರನ್ನು ನಮಗಿಂತ ಮುಂಚೆ ನಂಬಿ ದತ್ತಿ ಬಿಟ್ಟವರ ಮಾತನ್ನು ಅಳಿಸಿದಂತಾಗುತ್ತದೆ, ಅಷ್ಟೆ.

ಎರಡನೆಯ ಆಕ್ಷೇಪ ಶರಣರ ನಾಡಿನ ಎದೆಯಿಂದ ಬರುವಂಥದು. ಕಟ್ಟಿದ್ದು ಅಳಿಯುತ್ತದೆ, ನಡೆ ನುಡಿಯಲ್ಲಿ ಬದುಕಿದ್ದು ಉಳಿಯುತ್ತದೆ, ದೇಹವೇ ದೇಗುಲ ಎಂದು ಕಲಿಸಿದ ಪರಂಪರೆಗೆ ಕಲ್ಲಿನ ಮೇಲೆ ಈ ಮೋಹವೇಕೆ? ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಶರಣರು ಎದುರಿಸಿದ್ದು ಮನುಷ್ಯನಿಗೂ ದೇವರಿಗೂ ನಡುವೆ ಗೋಡೆಯಾಗಿ ನಿಂತ ಸ್ಥಾವರವನ್ನು, ಹಣವಿದ್ದವನಿಗಷ್ಟೇ ದಕ್ಕುವ ಪುಣ್ಯವನ್ನು. ಆ ವಿರೋಧ ಇಂದಿನ ಅದ್ದೂರಿ ಜೀರ್ಣೋದ್ಧಾರಕ್ಕೂ ಅನ್ವಯಿಸುತ್ತದೆ. ಆದರೆ ಅವರ ನುಡಿ ನಮಗೆ ಹೇಗೆ ತಲುಪಿತು? ಓಲೆಗರಿಯ ಕಟ್ಟುಗಳಲ್ಲಿ. ಮನೆ ಮಠಗಳ ಮೂಲೆಯಲ್ಲಿ ಹುಳ ಹಿಡಿಯುತ್ತಿದ್ದ ಆ ಕಟ್ಟುಗಳನ್ನು ಫ.ಗು. ಹಳಕಟ್ಟಿಯವರು ತಮ್ಮ ಆಯುಷ್ಯವನ್ನೇ ತೆತ್ತು ಹುಡುಕಿ, ಓದಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಜಂಗಮದ ನುಡಿಯನ್ನು ಶತಮಾನಗಳ ಕಾಲ ಹೊತ್ತದ್ದು ಸ್ಥಾವರವಾದ ಗರಿ. ಆ ಗರಿ ಅಳಿಯುವಂಥದೆಂದು ತಾತ್ಸಾರ ಮಾಡಿದ್ದರೆ ಸ್ಥಾವರ ಜಂಗಮಗಳ ಭೇದವನ್ನು ನಮಗೆ ಹೇಳಿಕೊಡುವ ಮಾತೇ ಇಂದು ಇರುತ್ತಿರಲಿಲ್ಲ. ಕಲ್ಲನ್ನು ದೇವರೆಂದು ಭ್ರಮಿಸುವುದು ಬೇರೆ, ಕಲ್ಲು ಹೊತ್ತ ಮಾತನ್ನು ಕಾಯುವುದು ಬೇರೆ. ಶರಣರ ವಿರೋಧ ಮೊದಲನೆಯದಕ್ಕೆ, ಹಳಕಟ್ಟಿಯವರ ದುಡಿಮೆ ಎರಡನೆಯದಕ್ಕೆ. ಇವುಗಳ ನಡುವೆ ವಿರೋಧವಿಲ್ಲ.

ಮಳೆ ಕೈಕೊಟ್ಟರೆ ಹೊಲ ಬಿಟ್ಟು ಗುಳೆ ಹೋಗುವ ಜನರಿರುವ ಸೀಮೆಯಲ್ಲಿ ಹಳೆಯ ಕಲ್ಲಿಗೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹಳೆಯ ಕಟ್ಟಡಗಳಿಗೆ ಆಗುತ್ತಿರುವ ಹಾನಿಯಲ್ಲಿ ಬಹಳಷ್ಟು ಹಣವಿಲ್ಲದ್ದರಿಂದ ಆದದ್ದಲ್ಲ, ಹಣ ಸುರಿದದ್ದರಿಂದ ಆದದ್ದು. ಮರಳಿನ ಬೀಸಿನಿಂದ ಕಂಬ ತಿಕ್ಕಿಸುವುದಕ್ಕೆ, ಪೇಂಟಿಗೆ, ಟೈಲ್ಸಿಗೆ ಲಕ್ಷಗಟ್ಟಲೆ ಬೇಕು. ಸೂರಿನ ಮೇಲೆ ಬೇರು ಬಿಟ್ಟ ಆಲದ ಸಸಿಯನ್ನು ಎಳೆಯದಾಗಿರುವಾಗಲೇ ತೆಗೆಯುವುದಕ್ಕೆ, ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡುವುದಕ್ಕೆ, ಸಂದಿಗಳಿಗೆ ಸುಣ್ಣದ ಗಾರೆ ತುಂಬುವುದಕ್ಕೆ, ಬರಹದ ಕಲ್ಲಿನ ಫೋಟೋ ತೆಗೆದಿಡುವುದಕ್ಕೆ ಬೇಕಾದದ್ದು ಮುಖ್ಯವಾಗಿ ಊರಿನವರ ಕೈ ಮತ್ತು ಗಮನ. ಮಾಡಬಾರದ್ದನ್ನು ಮಾಡದೆ ಬಿಡುವುದಕ್ಕಂತೂ ಒಂದು ಪೈಸೆಯೂ ಬೇಡ.

ತತ್ತ್ವದ ದೃಷ್ಟಿಯಿಂದ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಕೊನೆಯದು: ಮತ್ತೆ ಮಾಡಲಾಗದ್ದು ಯಾವುದೆಂದು ತೀರ್ಮಾನಿಸುವವರಾರು? ಒಂದರ್ಥದಲ್ಲಿ ಪ್ರತಿಯೊಂದು ಕಲ್ಲೂ ಏಕೈಕ. ಹಾಗೆಂದರೆ ಏನನ್ನೂ ಮುಟ್ಟುವಂತಿಲ್ಲ. ಇನ್ನೊಂದರ್ಥದಲ್ಲಿ ಇಂದಿನ ಯಂತ್ರಗಳಿಗೆ ಯಾವ ಆಕಾರವೂ ಅಸಾಧ್ಯವಲ್ಲ; ಹಾಗೆಂದರೆ ಎಲ್ಲವನ್ನೂ ಬದಲಿಸಬಹುದು. ಜಪಾನಿನ ಇಸೆ ದೇಗುಲ ಈ ಗಂಟನ್ನು ಸಡಿಲಿಸಲು ನೆರವಾಗುತ್ತದೆ. ಅಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಪಕ್ಕದ ಜಾಗದಲ್ಲಿ ಹೊಸ ಮರದಿಂದ ಪೂರ್ತಿ ಹೊಸದಾಗಿ ಕಟ್ಟುತ್ತಾರೆ, ಕಳೆದ ಬಾರಿ ಕಟ್ಟಿದ್ದು 2013ರಲ್ಲಿ. ಒಂದು ಹಲಗೆಯನ್ನೂ ಉಳಿಸದ ಈ ಪದ್ಧತಿ ನನ್ನ ವಾದವನ್ನು ಮುರಿಯುವಂತೆ ಕಂಡರೂ ಅದನ್ನು ಬಲಪಡಿಸುತ್ತದೆ. ಅಲ್ಲಿ ಮರ ಮತ್ತೆ ಸಿಗುತ್ತದೆ. ಬಡಗಿಯ ಕೈಯ ವಿದ್ಯೆ ಒಮ್ಮೆ ತಪ್ಪಿದರೆ ಸಿಗುವುದು ಕಷ್ಟ. ಇಪ್ಪತ್ತು ವರ್ಷವೆಂಬುದು ಗುರುವಿನ ಕೈಯಿಂದ ಶಿಷ್ಯನ ಕೈಗೆ ಆ ವಿದ್ಯೆ ದಾಟಲು ತಕ್ಕ ಅವಧಿ. ಇಸೆಯ ಒಡಲು ವಿದ್ಯೆ, ಸನ್ನತಿಯ ಒಡಲು ಬರಹ, ಕನಗನಹಳ್ಳಿಯದು ಫಲಕ ಮತ್ತು ಅವುಗಳ ಜಾಗ. ಉತ್ತರ ಬೇರೆ ಬೇರೆ, ಪ್ರಶ್ನೆ ಒಂದೇ. ಅಸಲಿತನ ಎಂಬುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕೆಂದು ಪರಂಪರೆಯ ತಾಣಗಳ ರಕ್ಷಣೆಯ ಕುರಿತ 1994ರ ನಾರಾ ದಾಖಲೆ ಒಪ್ಪಿಕೊಂಡದ್ದು ಇದೇ ಕಾರಣಕ್ಕೆ. ಅದಕ್ಕೂ ಮುನ್ನ ಅದೇ ವಿಷಯದ 1964ರ ವೆನಿಸ್ ಸನ್ನದು, ಊಹೆ ಶುರುವಾಗುವಲ್ಲಿ ಮರುಕಟ್ಟುವ ಕೆಲಸ ನಿಲ್ಲಬೇಕು, ಹೊಸ ಭಾಗ ಹಳೆಯದರಿಂದ ಬೇರೆಯಾಗಿ ಗುರುತಿಗೆ ಸಿಗಬೇಕು ಎಂದಿತ್ತು. ತೀರ್ಮಾನ ಯಾರದು ಎಂಬುದಕ್ಕೆ ನನ್ನ ಉತ್ತರ ಇದು: ಒಬ್ಬರದಲ್ಲ. ಪೂಜೆ ಮಾಡುವವರು, ಕಲ್ಲಿನ ಕೆಲಸ ಬಲ್ಲವರು, ಬರಹ ಓದಬಲ್ಲವರು, ಊರಿನ ಹಿರಿಯರು ಕೂಡಿ ಕೂತು ನೋಡಬೇಕು. ಅನುಮಾನ ಉಳಿದರೆ ಮುಟ್ಟದೆ ಬಿಡಬೇಕು, ಏಕೆಂದರೆ ಬಿಟ್ಟದ್ದನ್ನು ನಾಳೆ ಮಾಡಬಹುದು, ಕೆಡಿಸಿದ್ದನ್ನು ನಾಳೆ ತರಲಾಗದು. ಅಶೋಕನ 14ನೆಯ ಶಾಸನವೂ ತನ್ನ ಬರಹದಲ್ಲಿ ಕೆಲವು ಕಡೆ ಲಿಪಿಕಾರನ ತಪ್ಪಿನಿಂದ ಕೊರತೆ ಉಳಿದಿರಬಹುದೆಂದು ಒಪ್ಪಿಕೊಳ್ಳುತ್ತದೆ. ಸಾಮ್ರಾಟನೇ ತನ್ನ ಮಾತಿನ ಕೊರತೆಯನ್ನು ಕಲ್ಲಿನಲ್ಲಿ ಬರೆಸಿರುವಾಗ, ನಾವು ನಮ್ಮ ದುರಸ್ತಿಯ ಕೊರತೆಯನ್ನು ಬಣ್ಣ ಬಳಿದು ಮುಚ್ಚಬೇಕಾಗಿಲ್ಲ.

ಹೀಗೆ ನೋಡಿದರೆ ಮೂರು ದರ್ಶನಗಳ ಜಗಳದಲ್ಲಿ ಕೆಲಸಕ್ಕೆ ಬರುವ ಪಾಲು ಎಲ್ಲರಿಂದಲೂ ಸಿಗುತ್ತದೆ. ಬದಲಾವಣೆ ತಪ್ಪದು, ಅದಕ್ಕೆ ಹೆದರಬೇಡ ಎಂಬುದು ಬೌದ್ಧರಿಂದ. ‘ಇದು ಅದೇ’ ಎಂದು ಗುರುತಿಸುವ ಅನುಭವಕ್ಕೆ ನಿಜವಾದ ಆಧಾರ ಉಳಿಸು ಎಂಬುದು ವೇದಾಂತಿಗಳಿಂದ. ಯಾವುದು ದ್ರವ್ಯ, ಯಾವುದು ಪರ್ಯಾಯ ಎಂದು ಬೇರ್ಪಡಿಸಿ ನೋಡು ಎಂಬುದು ಜೈನರಿಂದ. ಇವನ್ನು ಕೂಡಿಸಿದಾಗ ಜೀರ್ಣೋದ್ಧಾರ ಎಂಬುದು ವಸ್ತುವಿನ ಮೇಲೆ ನಾವು ನಡೆಸುವ ಅಧಿಕಾರವಾಗಿ ಕಾಣುವುದಿಲ್ಲ. ಹಿಂದಿನವರಿಂದ ಪಡೆದು ಮುಂದಿನವರಿಗೆ ಸಲ್ಲಿಸಬೇಕಾದ ಋಣವಾಗಿ ಕಾಣುತ್ತದೆ. ಸೇಡಂನಿಂದ ಚಿಂಚೋಳಿಯವರೆಗೆ ಯಾವ ಊರಿನಲ್ಲೇ ಆಗಲಿ ಮುಂದಿನ ಸಲ ಸಮಿತಿ ಕೂತು ಹಣದ ಲೆಕ್ಕ ಬರೆಯುವ ಮುನ್ನ ಒಂದು ಹಾಳೆಯ ಮೇಲೆ, ಈ ಗುಡಿಯಲ್ಲಿ ನಾವು ಮತ್ತೆ ಮಾಡಲಾಗದ್ದು ಏನೇನು ಎಂಬುದನ್ನು ಬರೆದುಕೊಳ್ಳಲಿ. ಆ ಪಟ್ಟಿ ಇಲ್ಲದೆ ತೊಡಗಿದ ಕೆಲಸ ಎಷ್ಟೇ ಭಕ್ತಿಯಿಂದ ನಡೆದರೂ ಧರ್ಮಕಾರ್ಯವಾಗುವುದಿಲ್ಲ. ಆ ಪಟ್ಟಿಯಲ್ಲಿರುವುದನ್ನು ಕಾಯ್ದು ಉಳಿದದ್ದನ್ನು ಧೈರ್ಯವಾಗಿ ಹೊಸದು ಮಾಡಿದರೆ, ಅದು ಅದೇ ಗುಡಿ ಎಂದು ಹೇಳುವ ಹಕ್ಕು ನಮಗಿರುತ್ತದೆ.